ವಿಧಾನ ಮಂಡಲಕ್ಕೆ ಎರಡು ಮನೆ ಏಕೆ?

ಕಳೆದ ತಿಂಗಳು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಗೆ ಕೂಳೆ ಕಬ್ಬಿನ ಬೇಸಾಯವನ್ನು ಕುರಿತು ನಾಲ್ಕು ಮಾತು ಹೇಳಲು ಹೋಗಿದ್ದೆ. ತರಗನ್ನು ಸುಡಬಾರದು, ಸಾಲಿನ ನಡುವೆ ಹರಡಿ ಕೊಳೆಯಲು ಬಿಡಬೇಕು ಎಂದು ಹೇಳಿ ಮುಗಿಸುವ ಹೊತ್ತಿಗೆ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರು ಕಬ್ಬನ್ನು ಬಿಟ್ಟು ಬೇರೆಯೇ ಪ್ರಶ್ನೆ ಎತ್ತಿದರು.

"ಅಲ್ಲಾ ಸೋಮಿ, ಎಮ್ಮೆಲ್ಲೆಗೆ ನಾವೇ ಓಟ್ ಹಾಕ್ದೋ, ಸರಿ. ಮೋರಿ ಪೂಜೆಗೆ ಎಮ್ಮೆಲ್ಸಿ ಅಂತ ಒಬ್ರು ಬಂದಿದ್ರಲ್ಲ, ಅವ್ರಿಗೆ ನಾವು ಯಾವಾಗ ಓಟ್ ಹಾಕಿದ್ದು?"

ಪಕ್ಕದಲ್ಲಿ ಕುಳಿತಿದ್ದವರೊಬ್ಬರು 2021ರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರು. ಅವರು ನಕ್ಕು, "ನಿಮ್ ಓಟ್ನೂ ಸೇರಿಸ್ಕೊಂಡು ನಾನೇ ಹಾಕ್ ಬಂದೆ ಕಣಣ್ಣ" ಎಂದರು. ಎಲ್ಲರೂ ನಕ್ಕರು. ಆದರೆ ಆ ನಗೆಮಾತಿನಲ್ಲಿ ಪೂರ್ತಿ ನಿಜವೇ ಇತ್ತು. ಅಂದು ಹೊತ್ತು ಮುಳುಗಿದ್ದರಿಂದ ಅರ್ಧಕ್ಕೆ ನಿಂತ ಉತ್ತರವನ್ನು ಈ ಪತ್ರಿಕೆಯಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ರೈತಬಂಧುಗಳೇ, ನಮ್ಮ ರಾಜ್ಯದಲ್ಲಿ ಕಾನೂನು ಮಾಡುವ ಸಂಸ್ಥೆಗೆ ವಿಧಾನ ಮಂಡಲವೆಂದು ಹೆಸರು. ಅದಕ್ಕೆ ಎರಡು ಮನೆಗಳಿವೆ. ವಿಧಾನ ಸಭೆ ಕೆಳಮನೆ. ವಿಧಾನ ಪರಿಷತ್ತು ಮೇಲ್ಮನೆ. ಮೇಲ್ಮನೆಯೆಂದರೆ ಅಧಿಕಾರದಲ್ಲಿ ಮೇಲು ಎಂದು ತಿಳಿಯಬಾರದು. ಹಾಗೆ ನೋಡಿದರೆ ಕೆಳಮನೆಯ ಮಾತೇ ಕೊನೆಗೆ ನಡೆಯುತ್ತದೆ. ಅದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಮೈಸೂರಿನ ಹಳೆಯ ಎರಡು ಸಭೆಗಳು

ಎರಡು ಸಭೆಗಳ ಪದ್ಧತಿ ನಮಗೆ ಹೊಸದಲ್ಲ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು 1939ರಲ್ಲಿ ಮಂಡ್ಯ ಜಿಲ್ಲೆಯಾಗುವವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದವು. ಆ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಎಂಬುದು ಏರ್ಪಟ್ಟಿತು. ಚಾಮರಾಜೇಂದ್ರ ಒಡೆಯರು ಮಹಾರಾಜರು, ರಂಗಾಚಾರ್ಲು ಅವರು ದಿವಾನರು. ಆ ವರ್ಷದ ಅಕ್ಟೋಬರ್ 7ರಂದು ಮೊದಲ ಸಭೆ ಸೇರಿದಾಗ 144 ಮಂದಿ ಇದ್ದರು. ಇವರನ್ನು ಯಾರೂ ಮತ ಹಾಕಿ ಕಳುಹಿಸಿರಲಿಲ್ಲ. ತಾಲ್ಲೂಕುಗಳಿಂದ ಆರಿಸಿ ಕರೆದ ಮುಖಂಡ ರೈತರು, ವರ್ತಕರು ಅವರು. ದಿವಾನರು ವರ್ಷದ ಆಡಳಿತದ ವರದಿಯನ್ನು ಓದುವರು. ಬಂದವರು ತಮ್ಮ ತಮ್ಮ ಕಡೆಯ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳುವರು. ಅಷ್ಟೇ. ಚುನಾವಣೆಯ ಪದ್ಧತಿ ಬಂದದ್ದು 1891ರಲ್ಲಿ, ಅದೂ ಕಂದಾಯ ಕೊಡುವ ಅನುಕೂಲಸ್ಥರಿಗೆ ಮತ್ತು ಓದಿದವರಿಗೆ ಮಾತ್ರ.

1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎರಡನೆಯ ಮನೆಯಾಗಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಕಾನೂನಿನ ಕರಡನ್ನು ಕಣ್ಣಿಟ್ಟು ನೋಡಲು ತಿಳಿದವರ ಸಣ್ಣ ಕೂಟ ಬೇಕೆಂಬುದು ಅದರ ಉದ್ದೇಶ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಈ ಸಭೆ ದೊಡ್ಡದಾಯಿತು. ಆಯವ್ಯಯವನ್ನು ಚರ್ಚಿಸುವ, ಪ್ರಶ್ನೆ ಕೇಳುವ ಹಕ್ಕು ಅದಕ್ಕೆ ದೊರೆಯಿತು. 1923ರಲ್ಲಿ ಎರಡು ಸಭೆಗಳಿಗೂ ಕಾನೂನಿನ ಗಟ್ಟಿ ಆಧಾರ ಬಂದು, ಹೊಸ ತೆರಿಗೆ ಹಾಕುವ ಮುಂಚೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕೆಂದಾಯಿತು.

ಅಭಿಪ್ರಾಯ ಕೇಳಬೇಕೆಂದು ಹೇಳಿದೆನೇ ಹೊರತು ಒಪ್ಪಿಗೆ ಪಡೆಯಬೇಕೆಂದು ಹೇಳಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರ ದೊಡ್ಡದು. ಸಭೆಗಳು ಎರಡಿದ್ದರೂ ದಿವಾನರು ಯಾವ ಸಭೆಗೂ ಜವಾಬ್ದಾರರಾಗಿರಲಿಲ್ಲ. ಸಭೆಯವರು ಬೇಡವೆಂದರೂ ದಿವಾನರ ಕುರ್ಚಿ ಅಲುಗಾಡುತ್ತಿರಲಿಲ್ಲ. ಇದಕ್ಕಾಗಿಯೇ 1938ರ ಏಪ್ರಿಲಿನಲ್ಲಿ ನಮ್ಮ ಮದ್ದೂರಿನ ಮಗ್ಗುಲಲ್ಲೇ, ಶಿಂಷಾ ನದಿಯ ಬಳಿಯ ಶಿವಪುರದಲ್ಲಿ, ಜನ ಸಾವಿರಗಟ್ಟಲೆ ಸೇರಿದರು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನ ಆ ಸಮ್ಮೇಳನದಲ್ಲಿ ನಿಷೇಧವನ್ನು ಮೀರಿ ಧ್ವಜವನ್ನು ಹಾರಿಸಿದರು. ಮದ್ದೂರಿನ ಎಚ್.ಕೆ. ವೀರಣ್ಣಗೌಡರು, ಸಾಹುಕಾರ್ ಚೆನ್ನಯ್ಯನವರು ಮುಂತಾದವರು ಅದರ ಹಿಂದೆ ಇದ್ದವರು. ಶಿವಪುರದ ಸತ್ಯಾಗ್ರಹ ಸೌಧವನ್ನು ಹೆದ್ದಾರಿಯಲ್ಲಿ ಓಡಾಡುವಾಗ ನಾವೆಲ್ಲರೂ ನೋಡಿದ್ದೇವೆ. ಧ್ವಜದ ಕಥೆ ಎಲ್ಲರಿಗೂ ಗೊತ್ತು. ಆದರೆ ಅಂದು ಜನ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಸಭೆಗೆ ಉತ್ತರ ಹೇಳುವ ಸರ್ಕಾರವನ್ನು, ಎಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದೇವೆ.

ಆ ಬೇಡಿಕೆ ಈಡೇರಿದ್ದು ಸ್ವಾತಂತ್ರ್ಯ ಬಂದ ಮೇಲೆ, 1947ರ ಅಕ್ಟೋಬರಿನಲ್ಲಿ, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದಾಗ. 1949ರ ಡಿಸೆಂಬರಿನಲ್ಲಿ ಹಳೆಯ ಎರಡು ಸಭೆಗಳೂ ವಿಸರ್ಜನೆಯಾದವು. 1952ರಲ್ಲಿ ಹೊಸ ಸಂವಿಧಾನದ ಪ್ರಕಾರ ವಿಧಾನ ಸಭೆಯೂ 40 ಮಂದಿಯ ವಿಧಾನ ಪರಿಷತ್ತೂ ಬಂದವು. ಆಗ ಇನ್ನೂ ವಿಧಾನ ಸೌಧವಿರಲಿಲ್ಲ. ಕೆಂಪು ಬಣ್ಣದ ಅಠಾರಾ ಕಚೇರಿಯಲ್ಲಿ, ಅಂದರೆ ಇಂದು ಹೈಕೋರ್ಟು ಇರುವ ಕಟ್ಟಡದಲ್ಲಿ, ಅಧಿವೇಶನ ಸೇರುತ್ತಿತ್ತು.

ಯಾರು ಯಾರನ್ನು ಆರಿಸುತ್ತಾರೆ

ವಿಧಾನ ಸಭೆಯ ಲೆಕ್ಕ ಸುಲಭ. 224 ಕ್ಷೇತ್ರ, 224 ಶಾಸಕರು. ನಮ್ಮ ಜಿಲ್ಲೆಗೆ 7: ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ. ಇದರಲ್ಲಿ ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲು. 18 ವರ್ಷ ತುಂಬಿ, ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಮತ. ನಿಲ್ಲುವವರಿಗೆ 25 ವರ್ಷ ತುಂಬಿರಬೇಕು. 5 ವರ್ಷಕ್ಕೊಮ್ಮೆ ಮನೆ ಖಾಲಿಯಾಗಿ ಹೊಸಬರು ಬರುತ್ತಾರೆ. ನಡುವೆ ಸರ್ಕಾರ ಬಿದ್ದರೆ ಇನ್ನೂ ಬೇಗ.

ಪರಿಷತ್ತಿನ ಲೆಕ್ಕ ಸ್ವಲ್ಪ ತೊಡಕಿನದು. ಅಲ್ಲಿ ಈಗ 75 ಮಂದಿ. ಕೆಳಮನೆಯ ಸಂಖ್ಯೆಯ ಮೂರರಲ್ಲಿ ಒಂದು ಪಾಲನ್ನು ಮೀರಬಾರದೆಂದು ಸಂವಿಧಾನ ಹೇಳುತ್ತದೆ. ಲೆಕ್ಕ ಬಲ್ಲವರು 224ನ್ನು ಮೂರರಿಂದ ಭಾಗಿಸಿ "75 ಬರುವುದಿಲ್ಲವಲ್ಲ" ಎಂದಾರು. 1987ರಲ್ಲಿ ಈ ಸಂಖ್ಯೆ ಗೊತ್ತಾದಾಗ ಕೆಳಮನೆಯಲ್ಲಿ ಚುನಾಯಿತರಾದ 224 ಮಂದಿಯ ಜೊತೆಗೆ ಆಂಗ್ಲೋ-ಇಂಡಿಯನ್ ಸಮುದಾಯದಿಂದ ನಾಮಕರಣವಾದ ಒಬ್ಬರೂ ಸೇರಿ 225 ಆಗುತ್ತಿತ್ತು. ಆ ನಾಮಕರಣ 2020ರಲ್ಲಿ ನಿಂತಿತು. 75 ಮಾತ್ರ ಹಾಗೆಯೇ ಉಳಿದಿದೆ.

ಈ 75ರಲ್ಲಿ 25 ಮಂದಿಯನ್ನು ಶಾಸಕರು ಆರಿಸುತ್ತಾರೆ. 7 ಮಂದಿಯನ್ನು ಪದವೀಧರರು, ಇನ್ನು 7 ಮಂದಿಯನ್ನು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ತರಗತಿಗಳಿಗೆ ಪಾಠ ಹೇಳುವ ಅಧ್ಯಾಪಕರು ಆರಿಸುತ್ತಾರೆ. 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ; ಇವರು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ, ಸಹಕಾರ ಚಳವಳಿ ಇವುಗಳಲ್ಲಿ ಅನುಭವ ಉಳ್ಳವರಾಗಿರಬೇಕು. ಸಹಕಾರ ಚಳವಳಿ ಎಂಬ ಮಾತು ರಾಜ್ಯಗಳ ಪರಿಷತ್ತಿಗೆ ಮಾತ್ರ ಇದೆ, ದಿಲ್ಲಿಯ ರಾಜ್ಯಸಭೆಗೆ ಇಲ್ಲ. ಊರೂರಿನಲ್ಲಿ ಹಾಲಿನ ಸಂಘ, ಪತ್ತಿನ ಸಂಘ ಇರುವ ನಮ್ಮ ಜಿಲ್ಲೆಯವರು ಈ ಮಾತನ್ನು ಗಮನಿಸಬೇಕು.

ಉಳಿದ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ ಬರುತ್ತಾರೆ. ಅರಳಿಕಟ್ಟೆಯ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಗ್ರಾಮ ಪಂಚಾಯಿತಿಯ ಸದಸ್ಯರು, ಪುರಸಭೆ ನಗರಸಭೆಗಳ ಸದಸ್ಯರು, ಅಧಿಕಾರದಲ್ಲಿದ್ದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಸದಸ್ಯರು ಇವರೇ ಇಲ್ಲಿ ಮತದಾರರು. ಮಂಡ್ಯ ಜಿಲ್ಲೆಗೆಲ್ಲ ಸೇರಿ ಇಂಥ ಒಂದು ಸ್ಥಾನವಿದೆ. ಆದಕಾರಣ, ನೀವು ಪಂಚಾಯಿತಿಗೆ ಕಳುಹಿಸುವ ಸದಸ್ಯ ಬೀದಿದೀಪ, ಚರಂಡಿಗಳಿಗೆ ಮಾತ್ರ ಸದಸ್ಯನಲ್ಲ. ರಾಜ್ಯದ ಮೇಲ್ಮನೆಗೆ ಒಬ್ಬರನ್ನು ಕಳುಹಿಸುವ ಮತವನ್ನೂ ನಿಮ್ಮ ಪರವಾಗಿ ಅವನ ಕೈಗೆ ಕೊಟ್ಟಿರುತ್ತೀರಿ. ಪಂಚಾಯಿತಿ ಚುನಾವಣೆಯಲ್ಲಿ "ನಮ್ಮವನು, ಇರಲಿ ಬಿಡು" ಎಂದು ಮತ ಹಾಕುವಾಗ ಇದನ್ನು ಎಷ್ಟು ಜನ ಯೋಚಿಸುತ್ತೇವೋ ಕಾಣೆ. ಇಡೀ ಜಿಲ್ಲೆಗೆ ಮತದಾರರು ಕೆಲವೇ ಸಾವಿರ ಮಂದಿಯಾದ್ದರಿಂದ ಇವರಿಗೆ ಆಮಿಷ ಒಡ್ಡುವುದೂ ಸುಲಭ. ಈ ದೂರು ನಮ್ಮ ರಾಜ್ಯದಲ್ಲಿ ಚುನಾವಣೆ ಬಂದಾಗಲೆಲ್ಲ ಕೇಳಿಬರುತ್ತದೆ, ಅದನ್ನು ಮುಚ್ಚಿಟ್ಟು ಫಲವಿಲ್ಲ.

ಪರಿಷತ್ತಿನ ಸದಸ್ಯರಿಗೆ 30 ವರ್ಷ ತುಂಬಿರಬೇಕು. ಅವಧಿ 6 ವರ್ಷ. ಈ ಮನೆ ಒಟ್ಟಿಗೆ ಎಂದೂ ಖಾಲಿಯಾಗುವುದಿಲ್ಲ. 2 ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲಿನ ಜನ ನಿವೃತ್ತರಾಗುತ್ತಾರೆ. ತೆಂಗಿನ ತೋಟದಲ್ಲಿ ಎಲ್ಲ ಮರಗಳನ್ನೂ ಒಂದೇ ಸಲ ಕಡಿಯದೆ, ಹಳೆಯದನ್ನು ತೆಗೆದ ಕಡೆ ಸಸಿ ಇಟ್ಟುಕೊಂಡು ಬರುವ ಹಾಗೆ. ಕೆಳಮನೆಯನ್ನು ನಡೆಸುವವರನ್ನು ಸಭಾಧ್ಯಕ್ಷರೆಂದೂ ಮೇಲ್ಮನೆಯನ್ನು ನಡೆಸುವವರನ್ನು ಸಭಾಪತಿಗಳೆಂದೂ ಕರೆಯುತ್ತಾರೆ.

ಎರಡು ಮನೆಗಳಲ್ಲಿಯೂ ಕುಳಿತು ಬಂದವರು ನಮ್ಮ ತಾಲ್ಲೂಕಿನಲ್ಲೇ ಇದ್ದರು. ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು 1962ರಲ್ಲಿ ಪಕ್ಷೇತರರಾಗಿ ಮದ್ದೂರಿನಿಂದ ವಿಧಾನ ಸಭೆಗೆ ಆರಿಸಿಹೋದರು. ಮುಂದೆ ವಿಧಾನ ಪರಿಷತ್ತು, ಲೋಕಸಭೆ, ರಾಜ್ಯಸಭೆ ಈ ಮೂರಕ್ಕೂ ಸದಸ್ಯರಾದರು. 1989ರಿಂದ ಕೆಲವು ವರ್ಷ ಸಭಾಧ್ಯಕ್ಷರಾಗಿದ್ದು, 1999ರಿಂದ 2004ರವರೆಗೆ ಮುಖ್ಯಮಂತ್ರಿಗಳಾಗಿದ್ದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ರಾಜ್ಯದ ಎರಡು, ದೇಶದ ಎರಡು, ಹೀಗೆ ನಾಲ್ಕು ಮನೆಗಳ ಹೊಸ್ತಿಲು ದಾಟಿದವರು ಬಹಳ ಮಂದಿ ಸಿಕ್ಕುವುದಿಲ್ಲ.

ಮಸೂದೆ ನಡೆದು ಬರುವ ದಾರಿ

ಕಾನೂನಾಗುವ ಮುಂಚೆ ಅದರ ಕರಡಿಗೆ ಮಸೂದೆಯೆಂದು ಹೆಸರು. ಹಣಕ್ಕೆ ಸಂಬಂಧಪಡದ ಮಸೂದೆಯನ್ನು ಯಾವ ಮನೆಯಲ್ಲಾದರೂ ಮೊದಲು ಮಂಡಿಸಬಹುದು. ಸಾಮಾನ್ಯವಾಗಿ ಕೆಳಮನೆಯಲ್ಲಿಯೇ ಮಂಡಿಸುತ್ತಾರೆ. ಅಲ್ಲಿ ಚರ್ಚೆಯಾಗಿ ಅಂಗೀಕಾರವಾದ ಮೇಲೆ ಅದು ಮೇಲ್ಮನೆಗೆ ಬರುತ್ತದೆ. ಮೇಲ್ಮನೆ ಒಪ್ಪಿದರೆ ರಾಜ್ಯಪಾಲರ ಅಂಕಿತಕ್ಕೆ ಹೋಗುತ್ತದೆ.

ಒಪ್ಪದಿದ್ದರೆ? ಮೇಲ್ಮನೆ ತಿರಸ್ಕರಿಸಬಹುದು, ತಿದ್ದುಪಡಿ ಸೂಚಿಸಬಹುದು, ಇಲ್ಲವೇ 3 ತಿಂಗಳು ಸುಮ್ಮನೆ ಇಟ್ಟುಕೊಳ್ಳಬಹುದು. ಆಗ ಕೆಳಮನೆ ಅದೇ ಮಸೂದೆಯನ್ನು ಮತ್ತೊಮ್ಮೆ ಅಂಗೀಕರಿಸಿ ಕಳುಹಿಸುತ್ತದೆ. ಎರಡನೆಯ ಸಲ ಮೇಲ್ಮನೆಗೆ ಇರುವ ಅವಕಾಶ 1 ತಿಂಗಳು ಮಾತ್ರ. ಆ ಮೇಲೂ ಅದು ಬೇಡವೆಂದರೆ, ಅದರ ಮಾತನ್ನು ಬದಿಗಿಟ್ಟು, ಕೆಳಮನೆ ಒಪ್ಪಿದ ರೂಪದಲ್ಲಿಯೇ ಎರಡು ಮನೆಗಳೂ ಒಪ್ಪಿದಂತೆ ಎಂದು ತಿಳಿಯಲಾಗುತ್ತದೆ. ಒಟ್ಟಿನಲ್ಲಿ ಮೇಲ್ಮನೆ ತಡೆಯಬಲ್ಲುದು ಸುಮಾರು 4 ತಿಂಗಳು. ದಿಲ್ಲಿಯಲ್ಲಿ ಹೀಗಲ್ಲ, ಲೋಕಸಭೆಗೂ ರಾಜ್ಯಸಭೆಗೂ ಒಂದು ಮಸೂದೆಯ ಮೇಲೆ ಜಗಳ ಬಂದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮತ ತೆಗೆಯುವ ಏರ್ಪಾಡು ಇದೆ. ರಾಜ್ಯದಲ್ಲಿ ಆ ಜಂಟಿ ಸಭೆ ಇಲ್ಲ.

ಹಣದ ಮಸೂದೆಯಾದರೆ ಮೇಲ್ಮನೆಯ ಕೈ ಇನ್ನೂ ಮೊಟಕು. ಅದು ಕೆಳಮನೆಯಲ್ಲಿಯೇ ಹುಟ್ಟಬೇಕು. ಮೇಲ್ಮನೆ 14 ದಿನದೊಳಗೆ ಸಲಹೆ ಹೇಳಿ ಹಿಂದಿರುಗಿಸಬೇಕು. ಸಲಹೆಯನ್ನು ಕೊಳ್ಳುವುದು ಬಿಡುವುದು ಕೆಳಮನೆಯ ಇಷ್ಟ. ಮಂತ್ರಿಮಂಡಲವನ್ನು ಇಳಿಸುವ ಅಧಿಕಾರವೂ ಕೆಳಮನೆಯದೇ. ಶಿವಪುರದಲ್ಲಿ ಜನ ಕೇಳಿದ ಜವಾಬ್ದಾರಿ ಇಂದು ಸೇರಿರುವುದು ನೀವು ನೇರವಾಗಿ ಮತ ಹಾಕುವ ಮನೆಗೆ, ಇದು ಸರಿಯಾಗಿಯೇ ಇದೆ.

ಹಾಗಾದರೆ ಮೇಲ್ಮನೆ ಏನು ಮಾಡಿದ ಹಾಗಾಯಿತು ಎಂದು ಕೇಳಬಹುದು. ನಮಗೆ ಸಂಬಂಧಪಟ್ಟ ಒಂದು ಸಂಗತಿಯನ್ನೇ ನೋಡಿ. 2020ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂತು. ಬೇಸಾಯಗಾರರಲ್ಲದವರು ಜಮೀನು ಕೊಳ್ಳಬಾರದೆಂಬ ಹಳೆಯ ಕಲಮುಗಳನ್ನು ತೆಗೆದುಹಾಕುವ ಮಸೂದೆ ಅದು. ಸೆಪ್ಟೆಂಬರಿನಲ್ಲಿ ಕೆಳಮನೆ ಅದನ್ನು ಅಂಗೀಕರಿಸಿತು. ಮೇಲ್ಮನೆಯಲ್ಲಿ ಆ ಅಧಿವೇಶನದಲ್ಲಿ ಅದು ಆಗಲಿಲ್ಲ, ಡಿಸೆಂಬರಿನಲ್ಲಿ ಆಯಿತು. ಆ ನಡುವಿನ ತಿಂಗಳುಗಳಲ್ಲಿ ಅದರ ಪರವಾಗಿಯೂ ವಿರೋಧವಾಗಿಯೂ ಹಳ್ಳಿಹಳ್ಳಿಗಳಲ್ಲಿ ಮಾತು ನಡೆಯಿತು. ಕೊನೆಗೆ ಕಾನೂನಾದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದರಲ್ಲಿ ನಮ್ಮ ರೈತರಲ್ಲೇ ಎರಡು ಮತವಿದೆ. ಆದರೆ ತಡವಾದ ಆ ಕಾಲದಲ್ಲಿ ಅದರಲ್ಲಿ ಏನಿದೆಯೆಂದು ಓದಿ ತಿಳಿಯಲು ಜನಕ್ಕೆ ಬಿಡುವು ಸಿಕ್ಕಿತು. 2024ರ ಫೆಬ್ರವರಿಯಲ್ಲಿ ದೇವಸ್ಥಾನಗಳ ಧರ್ಮಾದಾಯ ದತ್ತಿಯ ತಿದ್ದುಪಡಿ ಮಸೂದೆ ಮೇಲ್ಮನೆಯಲ್ಲಿ ಬಿದ್ದುಹೋಯಿತು. ಕೆಲವೇ ದಿನಗಳಲ್ಲಿ ಕೆಳಮನೆ ಅದನ್ನು ಮತ್ತೆ ಅಂಗೀಕರಿಸಿತು. ಆಗ ಒಂದು ಪಕ್ಷದ ಸರ್ಕಾರ, ಈಗ ಇನ್ನೊಂದು. ಕೆಳಮನೆಯಲ್ಲಿ ಬಹುಮತವಿದ್ದ ಸರ್ಕಾರಕ್ಕೆ ಮೇಲ್ಮನೆಯಲ್ಲಿ ಬಹುಮತವಿರಲಿಲ್ಲ. ಸರದಿಯ ಮೇಲೆ ಬದಲಾಗುವ ಮನೆಯಲ್ಲಿ ಇದು ಆಗಾಗ್ಗೆ ಆಗುವುದೇ.

ಆಲೆಮನೆಯಲ್ಲಿ ಕೊಪ್ಪರಿಗೆಯ ಹಾಲು ಕುದಿಯುವಾಗ ಮಡ್ಡಿ ತೆಗೆಯುವವನು ಬೇರೆ ನಿಂತಿರುತ್ತಾನೆ. ಬೆಲ್ಲದ ಹದ ನೋಡುವವನು ಅವನಲ್ಲ. ಆದರೂ ಮಡ್ಡಿ ತೆಗೆಯುವವನು ಮೈಮರೆತರೆ ಬೆಲ್ಲ ಕಪ್ಪಾಗುತ್ತದೆ. ಮೇಲ್ಮನೆಯ ಕೆಲಸ ಇಂಥದು. ಮೈಮರೆಯುವ ಮಡ್ಡಿಯವರೂ ಉಂಟು ಎಂಬುದನ್ನು ಒಪ್ಪುತ್ತೇನೆ.

ಐರ್ಲೆಂಡ್ ಎಂಬ ಸಣ್ಣ ದೇಶ

ಯೂರೋಪಿನ ಪಶ್ಚಿಮದ ಅಂಚಿನಲ್ಲಿ ಐರ್ಲೆಂಡ್ ಎಂಬ ದೇಶವಿದೆ. 2022ರ ಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 51 ಲಕ್ಷ. ನಮ್ಮ ಮಂಡ್ಯ ಜಿಲ್ಲೆಯಲ್ಲಿ 2011ರಲ್ಲಿಯೇ 18 ಲಕ್ಷ ಜನರಿದ್ದರು. ಇಂಥ ಮೂರು ಜಿಲ್ಲೆಗಳನ್ನು ಕೂಡಿಸಿದರೆ ಆ ದೇಶಕ್ಕಿಂತ ಹೆಚ್ಚೇ ಆಗುತ್ತದೆ. ಹಸು, ಹುಲ್ಲುಗಾವಲು, ಹಾಲು, ಬೆಣ್ಣೆಗೆ ಹೆಸರಾದ ನಾಡು. ಅದೂ ನಮ್ಮಂತೆ ಇಂಗ್ಲಿಷರ ಆಳ್ವಿಕೆಯಲ್ಲಿದ್ದು ಬಿಡಿಸಿಕೊಂಡದ್ದು. ನಮ್ಮ ಸಂವಿಧಾನವನ್ನು ಬರೆದವರು ಅವರ 1937ರ ಸಂವಿಧಾನವನ್ನು ಮುಂದಿಟ್ಟುಕೊಂಡು ಕೆಲವು ವಿಷಯಗಳನ್ನು ತೆಗೆದುಕೊಂಡರು. ಆದಕಾರಣ ಅವರ ಮೇಲ್ಮನೆಗೂ ನಮ್ಮ ಪರಿಷತ್ತಿಗೂ ದಾಯಾದಿಗಳ ಹೋಲಿಕೆ ಕಾಣುತ್ತದೆ.

ಅವರ ಮೇಲ್ಮನೆಯಲ್ಲಿ 60 ಮಂದಿ. 11 ಮಂದಿಯನ್ನು ಪ್ರಧಾನಿ ನಾಮಕರಣ ಮಾಡುತ್ತಾರೆ, ಸಂಖ್ಯೆ ನಮ್ಮದೇ! 6 ಮಂದಿಯನ್ನು ಪದವೀಧರರು ಆರಿಸುತ್ತಾರೆ. ಉಳಿದ 43 ಮಂದಿಯನ್ನು ಪಾರ್ಲಿಮೆಂಟಿನ ಸದಸ್ಯರೂ ಸ್ಥಳೀಯ ಸಂಸ್ಥೆಗಳ ಸದಸ್ಯರೂ ಸೇರಿ ಆರಿಸುತ್ತಾರೆ. ಈ 43 ಸ್ಥಾನಗಳನ್ನು ಅವರು ಕಸುಬಿನ ಮೇಲೆ ಹಂಚಿದ್ದಾರೆ: ಕಾರ್ಮಿಕ, ಕೈಗಾರಿಕೆ, ವಿದ್ಯೆ, ಆಡಳಿತ, ಬೇಸಾಯ. ಬೇಸಾಯದ ಪಾಲಿಗೆ 11 ಸ್ಥಾನ. ನಮ್ಮಲ್ಲಿ ಅಧ್ಯಾಪಕರಿಗೆ ಪ್ರತ್ಯೇಕ ಸ್ಥಾನವಿದೆ, ಪದವೀಧರರಿಗಿದೆ, ಬೇಸಾಯಗಾರನಿಗೆ ಎಂದು ಹೆಸರು ಹಿಡಿದು ಒಂದೂ ಇಲ್ಲ. ಇದನ್ನು ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೆ ತಪ್ಪಿಲ್ಲವಷ್ಟೆ.

ಅವರ ಮೇಲ್ಮನೆಯೂ ನಮ್ಮದರಂತೆ ಮಸೂದೆಯನ್ನು ತಡೆಯಬಲ್ಲುದೇ ಹೊರತು ಕೊಲ್ಲಲಾರದು. ಇಂಥ ಮನೆ ಬೇಕೇ ಎಂದು ಅಲ್ಲಿಯೂ ಪ್ರಶ್ನೆ ಎದ್ದಿತು. 2013ರ ಅಕ್ಟೋಬರಿನಲ್ಲಿ ಅವರು ಅದನ್ನು ಜನರ ಮತಕ್ಕೇ ಬಿಟ್ಟರು. ಕೂದಲೆಳೆಯ ಅಂತರದಿಂದ "ಇರಲಿ" ಎಂಬ ಪಕ್ಷ ಗೆದ್ದಿತು.

ನಮ್ಮ ದೇಶದಲ್ಲಿ ಇದನ್ನು ನಿರ್ಧರಿಸುವುದು ಆಯಾ ರಾಜ್ಯದ ವಿಧಾನ ಸಭೆಯ ನಿರ್ಣಯದ ಮೇಲೆ ಪಾರ್ಲಿಮೆಂಟು. ಪಶ್ಚಿಮ ಬಂಗಾಳ 1969ರಲ್ಲಿ, ತಮಿಳುನಾಡು 1986ರಲ್ಲಿ ಮೇಲ್ಮನೆಯನ್ನು ತೆಗೆದವು. ಆಂಧ್ರ 1985ರಲ್ಲಿ ತೆಗೆದು 2007ರಲ್ಲಿ ಮತ್ತೆ ಕಟ್ಟಿಕೊಂಡಿತು. ಈಗ ಮೇಲ್ಮನೆ ಇರುವ ರಾಜ್ಯಗಳು ಆರೇ: ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಬಿಹಾರ, ಉತ್ತರ ಪ್ರದೇಶ. ಚುನಾವಣೆಯಲ್ಲಿ ಸೋತವರಿಗೆ ಹಿತ್ತಲ ಬಾಗಿಲಾಗಿದೆ, ಖರ್ಚು ದಂಡ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಪಂಚಾಯಿತಿ ಸದಸ್ಯನೊಬ್ಬ ರಾಜ್ಯದ ಕಾನೂನಿನವರೆಗೆ ಕೈ ಚಾಚಲು ಇರುವ ದಾರಿ ಇದೊಂದೇ ಆದ್ದರಿಂದ, ಇದ್ದುದನ್ನು ಸರಿಯಾಗಿ ಬಳಸುವುದನ್ನು ಮೊದಲು ಕಲಿಯೋಣ ಎಂಬುದು ನನ್ನ ಅಭಿಪ್ರಾಯ.

ಕಲಿಯಬೇಕಾದದ್ದು ನಿಜವಾಗಿಯೂ ಇದೆ. ಏಕೆಂದರೆ ಪರಿಷತ್ತಿನ ಮತ ಹಾಕುವ ಕ್ರಮವೇ ಬೇರೆ.

1, 2, 3 ಎಂದು ಬರೆಯುವ ಮತ

ನಮ್ಮ ದೊಡ್ಡಪ್ಪನವರು ಒಮ್ಮೆ ಪಂಚಾಯಿತಿ ಸದಸ್ಯರಾಗಿದ್ದರು. ನಾನಾಗ ಓದುತ್ತಿದ್ದೆ. ಅವರು ಅಕ್ಷರ ಕಲಿತದ್ದು ದೊಡ್ಡವರಾದ ಮೇಲೆ, ರಾತ್ರಿ ಶಾಲೆಯಲ್ಲಿ. ಸಹಿ ಹಾಕುವುದೆಂದರೆ ಅವರಿಗೆ ಎಲ್ಲಿಲ್ಲದ ಅಭಿಮಾನ. ಪರಿಷತ್ತಿನ ಚುನಾವಣೆಯ ದಿನ ಬಿಳಿ ಪಂಚೆ ಉಟ್ಟು ಹೋಗಿ ಮತ ಹಾಕಿ ಬಂದವರು, ಜಗಲಿಯ ಮೇಲೆ ಕುಳಿತು, "ಹೆಬ್ಬೆಟ್ಟು ಒತ್ತೋನಲ್ಲ ನಾನು, ಚೀಟಿ ಮೇಲೆ ದಸ್ಕತ್ತು ಹಾಕೇ ಬಂದೆ ಕಣ್ಲಾ ಮಗ" ಎಂದರು. ನನಗೆ ಆಗ ಏನೂ ತಿಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ನಿಯಮಗಳನ್ನು ಓದಿದಾಗ ಎದೆ ಧಸಕ್ಕೆಂದಿತು. ಮತದಾರ ಯಾರೆಂದು ಗುರುತು ಹತ್ತುವಂಥ ಸಹಿ, ಹೆಸರು, ಬರಹ ಏನಿದ್ದರೂ ಆ ಮತ ಅಸಿಂಧು. ಊರಿನ ಒಂದು ವಾರ್ಡಿನ ಜನರೆಲ್ಲರ ಪರವಾಗಿ ಹೋದ ಮತ ಆ ದಸ್ಕತ್ತಿನಿಂದ ಕಸದ ಬುಟ್ಟಿ ಸೇರಿತು. ದೊಡ್ಡಪ್ಪನಿಗೆ ನಾನು ಇದನ್ನು ಹೇಳಲಿಲ್ಲ. ಹೇಳುವ ಧೈರ್ಯ ಬರುವಷ್ಟರಲ್ಲಿ ಅವರೇ ಇರಲಿಲ್ಲ.

ಪರಿಷತ್ತಿನ ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ, ಸರಿ ಗುರುತು ಹಾಕುವುದಿಲ್ಲ. ನಿಮಗೆ ಬೇಕಾದ ಅಭ್ಯರ್ಥಿಯ ಹೆಸರಿನ ಎದುರಿಗೆ 1 ಎಂದು ಅಂಕಿಯಲ್ಲಿ ಬರೆಯಬೇಕು. ಅವರು ಗೆಲ್ಲದಿದ್ದರೆ ಯಾರು ಆಗಬಹುದೋ ಅವರ ಎದುರಿಗೆ 2, ಹೀಗೆ ಮುಂದಕ್ಕೆ. 1 ಬರೆಯಲೇಬೇಕು, ಉಳಿದದ್ದು ಇಷ್ಟ. ಕನ್ನಡದ ೧, ೨ ಅಂಕಿಯಲ್ಲಿ ಬರೆದರೂ ನಡೆಯುತ್ತದೆ. ಆದರೆ "ಒಂದು" ಎಂದು ಅಕ್ಷರದಲ್ಲಿ ಬರೆದರೆ ಮತ ಹೋಯಿತು. ಇಬ್ಬರ ಎದುರಿಗೆ 1 ಬರೆದರೂ, ಒಬ್ಬರ ಎದುರಿಗೇ 1 ಮತ್ತು 2 ಬರೆದರೂ ಹೋಯಿತು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನನ್ನೇ ಬಳಸಬೇಕು, ಜೇಬಿನ ಪೆನ್ನು ತೆಗೆಯಬಾರದು. ಓದು ಬರಹ ತಿಳಿಯದ ಸದಸ್ಯರು ಸಂಕೋಚಪಡದೆ ಮುಂಚೆಯೇ ಚುನಾವಣೆಯ ಅಧಿಕಾರಿಗಳನ್ನು ಕಂಡು ಏನು ಸಹಾಯ ದೊರೆಯುವುದೆಂದು ಕೇಳಿಕೊಳ್ಳಬೇಕು.

ಈ 2 ಎಂಬ ಅಂಕಿಯಿಂದ ಏನಾಗುತ್ತದೆ? ಒಂದು ಊರಿನಲ್ಲಿ ನೂರು ರೈತರಿದ್ದಾರೆ, ಪ್ರಾತ್ಯಕ್ಷಿಕೆಯ ತಾಕು ಒಂದೇ ಇದೆ, ಅದರಲ್ಲಿ ಯಾವ ಬೆಳೆ ಇಡಬೇಕೆಂದು ಮತ ತೆಗೆಯುತ್ತಾರೆ ಎಂದಿಟ್ಟುಕೊಳ್ಳಿ. ಭತ್ತಕ್ಕೆ 42, ರಾಗಿಗೆ 33, ಹುರುಳಿಗೆ 25 ಮತ ಬಂದವು. ನಮ್ಮ ಸಾಮಾನ್ಯ ಚುನಾವಣೆಯ ಲೆಕ್ಕದಲ್ಲಿ ಭತ್ತ ಗೆದ್ದಿತು. ಆದರೆ ಊರಿನಲ್ಲಿ ಖುಷ್ಕಿ ಬೇಸಾಯದವರು 58 ಮಂದಿ, ತರಿಯವರು 42! ಖುಷ್ಕಿಯವರ ಮತ ಎರಡಾಗಿ ಒಡೆದುದರಿಂದ ಕಡಿಮೆ ಜನರ ಬೆಳೆ ಬಂದಂತಾಯಿತು.

ಪರಿಷತ್ತಿನ ಲೆಕ್ಕದಲ್ಲಿ, ಸ್ಥಾನ ಒಂದೇ ಆದಾಗ, ಸರಿಯಾದ ಮತಗಳ ಅರ್ಧಕ್ಕಿಂತ ಒಂದು ಹೆಚ್ಚು ಬರಬೇಕು. ನೂರಕ್ಕೆ 51. ಯಾರಿಗೂ ಬರಲಿಲ್ಲವಾದ್ದರಿಂದ ಎಲ್ಲಕ್ಕಿಂತ ಕಡಿಮೆ ಬಂದ ಹುರುಳಿಯನ್ನು ಕಣದಿಂದ ತೆಗೆಯುತ್ತಾರೆ. ಹುರುಳಿಯ 25 ಚೀಟಿಗಳನ್ನು ಬಿಚ್ಚಿ 2 ಎಂದು ಯಾವುದಕ್ಕೆ ಬರೆದಿದೆ ನೋಡುತ್ತಾರೆ. 20 ಚೀಟಿಯಲ್ಲಿ ರಾಗಿಗೆ, 3ರಲ್ಲಿ ಭತ್ತಕ್ಕೆ. 2 ಚೀಟಿಯಲ್ಲಿ ಏನೂ ಬರೆದಿಲ್ಲ. ರಾಗಿ 53 ಆಯಿತು, ಭತ್ತ 45ಕ್ಕೆ ನಿಂತಿತು. ರಾಗಿ ಗೆದ್ದಿತು. ಏನೂ ಬರೆಯದ ಆ 2 ಚೀಟಿಗಳು ಯಾವ ಲೆಕ್ಕಕ್ಕೂ ಬರಲಿಲ್ಲ. ಐರ್ಲೆಂಡಿನಲ್ಲಿ ಮೇಲ್ಮನೆಗೆ ಮಾತ್ರವಲ್ಲ, ಕೆಳಮನೆಯ ಸಾಮಾನ್ಯ ಚುನಾವಣೆಯಲ್ಲಿಯೂ ಪ್ರತಿಯೊಬ್ಬ ರೈತನೂ ಹೀಗೆಯೇ 1, 2, 3 ಬರೆಯುತ್ತಾನೆ.

ಪ್ರಶ್ನೆ ಕೇಳಿಸುವ ಬಗೆ

ಇನ್ನೊಂದು ಉಪಯೋಗವನ್ನು ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ರೈತರಿಗೆ ನೀರು ಸಾಲದೆ ಬರುವ ತೊಂದರೆ ಮದ್ದೂರು, ಮಳವಳ್ಳಿಯವರಿಗೆ ಹೇಳಿಕೊಡಬೇಕಾದದ್ದೇನಲ್ಲ. ಇಂಥ ವಿಷಯದಲ್ಲಿ ನಾವು ಶಾಸಕರ ಮನೆಗೆ ಮಾತ್ರ ಹೋಗುತ್ತೇವೆ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಪರಿಷತ್ ಸದಸ್ಯರೂ ಮಂತ್ರಿಗಳನ್ನು ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿಯೇ ಬಾಯಿಮಾತಿನ ಉತ್ತರ ಕೊಡಬೇಕು, ಅದರ ಮೇಲೆ ಮರುಪ್ರಶ್ನೆ ಕೇಳಲು ಅವಕಾಶವಿದೆ. ಚುಕ್ಕೆಯಿಲ್ಲದ ಪ್ರಶ್ನೆಗೆ ಬರವಣಿಗೆಯ ಉತ್ತರ. ಮಂತ್ರಿಗಳು ಯಾವ ಮನೆಯವರಾಗಿದ್ದರೂ ಎರಡು ಮನೆಗಳಲ್ಲಿಯೂ ಉತ್ತರ ಹೇಳಲೇಬೇಕು. "ನೀರು ಬರುತ್ತಿಲ್ಲ, ದಯಮಾಡಿ ನೋಡಿ" ಎಂದು ಬರೆದರೆ ಪ್ರಶ್ನೆ ಹುಟ್ಟುವುದಿಲ್ಲ. ಯಾವ ಉಪನಾಲೆ, ಯಾವ ತೂಬು, ಅದರ ಕೆಳಗೆ ಎಷ್ಟು ಎಕರೆ, ಯಾವ ತಾರೀಖಿನಿಂದ ನೀರಿಲ್ಲ, ಎಂದು ಅರ್ಜಿ ಕೊಟ್ಟಿರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಧಿವೇಶನ ಆರಂಭವಾಗುವುದಕ್ಕೆ ಸಾಕಷ್ಟು ಮುಂಚೆ ಸದಸ್ಯರ ಕೈಗೆ ಕೊಡಬೇಕು. ಬರೆಯಲು ಬಾರದಿದ್ದರೆ ನಾವಿದ್ದೇವೆ, ಬನ್ನಿ.

ಕಡೆಯದಾಗಿ, ಮನೆಯಲ್ಲಿ ಪದವಿ ಪಡೆದ ಮಗನೋ ಮಗಳೋ ಸೊಸೆಯೋ ಇರುವವರಿಗೆ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಈ ನಾಲ್ಕು ಜಿಲ್ಲೆಗಳಿಗೆ ಸೇರಿ ದಕ್ಷಿಣ ಪದವೀಧರರ ಕ್ಷೇತ್ರವಿದೆ. ಇದಕ್ಕೆ 2022ರ ಜೂನಿನಲ್ಲಿ ಚುನಾವಣೆ ನಡೆಯಿತು. ಪದವಿ ಪಡೆದು 3 ವರ್ಷವಾದವರು, ಇಲ್ಲಿ ವಾಸವಾಗಿರುವವರು, ಮತದಾರರಾಗಬಹುದು. ಸರ್ಕಾರಿ ಕೆಲಸ ಇರಬೇಕೆಂದೇನೂ ಇಲ್ಲ, ಉಳುತ್ತಿದ್ದರೂ ಆಗುತ್ತದೆ. ನಾನು ಓದಿದ ಬೇಸಾಯದ ಡಿಪ್ಲೊಮಾ ಪದವಿಯ ಲೆಕ್ಕಕ್ಕೆ ಬಾರದ್ದರಿಂದ ನನಗೆ ಈ ಮತವಿಲ್ಲ. ಹಿಂದಿನ ಸಲ ಪಟ್ಟಿಯಲ್ಲಿ ಹೆಸರಿತ್ತೆಂದು ಸುಮ್ಮನಿರಬಾರದು. ಪದವೀಧರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಅದಕ್ಕೆ 18ನೆಯ ನಮೂನೆಯ ಅರ್ಜಿ, ಅಧ್ಯಾಪಕರಿಗಾದರೆ 19ನೆಯ ನಮೂನೆ. ಪದವಿಯ ಪ್ರಮಾಣಪತ್ರದ ನಕಲು ಸೇರಿಸಿ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು, ಕೊಟ್ಟದ್ದಕ್ಕೆ ರಸೀತಿ ಪಡೆದುಕೊಳ್ಳಿ.